ಕೀವು ಮಾಡುವ ಕಿಣ್ವವೇ ದಮ್ಮಿಗೂ ಕಾರಣ: ಎಲಾಸ್ಟೇಸ್ ಎಂಬ ಪ್ರೋಟಿಯೇಸ್

ಎರೆ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಜಾಲಿಮುಳ್ಳಿನ ಪರಿಚಯ ಇದ್ದೇ ಇರುತ್ತದೆ. ಹಿಮ್ಮಡಿಗೆ ಚುಚ್ಚಿ, ತುದಿ ಒಳಗೇ ಮುರಿಯಿತು ಅಂದುಕೊಳ್ಳಿ. ಮೊದಲ ದಿನ ಬರೀ ಚುಚ್ಚಿದ ನೋವು. ಮರುದಿನ ಸುತ್ತಲೂ ಕೆಂಪು, ಮುಟ್ಟಿದರೆ ಬಿಸಿ. ಮೂರ್ನಾಲ್ಕು ದಿನಕ್ಕೆ ಚರ್ಮದ ಕೆಳಗೆ ಹಳದಿ ಕಾಣಿಸುತ್ತದೆ, ರಾತ್ರಿ ನಿದ್ದೆ ಕೊಡದಷ್ಟು ಮಿಡಿಯುತ್ತದೆ. ಹಣ್ಣಾಗಲಿ, ತಾನೇ ಒಡೆಯುತ್ತದೆ ಅನ್ನುತ್ತಾರೆ ಮನೆಯ ಹಿರಿಯರು. ಒಡೆದಾಗ ಕೀವಿನ ಜೊತೆ ಮುಳ್ಳಿನ ತುದಿಯೂ ಹೊರಗೆ ಬರುತ್ತದೆ.

ಗಟ್ಟಿಯಾಗಿದ್ದ ಹಿಮ್ಮಡಿಯ ಮಾಂಸ ನಾಲ್ಕು ದಿನದಲ್ಲಿ ನೀರಾಗಿದ್ದು ಹೇಗೆ? ಬ್ಯಾಕ್ಟೀರಿಯಾ ಕೊಳೆಸಿತು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಅದು ಅರ್ಧ ಉತ್ತರ. ಆ ಜಾಗವನ್ನು ಕರಗಿಸಿದ್ದರಲ್ಲಿ ದೊಡ್ಡ ಪಾಲು ನಮ್ಮದೇ ದೇಹದ ಕಿಣ್ವಗಳದ್ದು. ಅವುಗಳಲ್ಲಿ ಮುಖ್ಯವಾದದ್ದು ನ್ಯೂಟ್ರೋಫಿಲ್ ಎಲಾಸ್ಟೇಸ್. ಈ ಲೇಖನ ಅದರ ಬಗ್ಗೆ. ಈ ಒಂದು ಕಿಣ್ವವನ್ನು ಅರ್ಥ ಮಾಡಿಕೊಂಡರೆ ಸೋಂಕು, ಉರಿಯೂತ, ಬೀಡಿ ಸೇದುವವರ ದಮ್ಮು, ಸೇದದೇ ಇರುವ ನಮ್ಮ ತಾಯಂದಿರ ದಮ್ಮು ಎಲ್ಲವೂ ಒಂದೇ ದಾರದಲ್ಲಿ ಕೂಡುತ್ತವೆ. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು ಅನ್ನಿಸಿತು.

ಮೊದಲು ನ್ಯೂಟ್ರೋಫಿಲ್ ಅಂದರೆ ಏನು ನೋಡೋಣ. ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಈ ಹೆಸರನ್ನು ನೋಡಿರುತ್ತೀರಿ. ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ. ದೊಡ್ಡವರ ಎಲುಬಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಅವುಗಳ ಆಯುಷ್ಯ ಬಹಳ ಕಡಿಮೆ. ಎಲ್ಲಾದರೂ ಗಾಯವೋ ಸೋಂಕೋ ಆದರೆ ಮೊದಲು ಅಲ್ಲಿಗೆ ಮುಟ್ಟುವವು ಇವೇ. ಕೆಲವೇ ಗಂಟೆಗಳಲ್ಲಿ ರಕ್ತನಾಳದ ಗೋಡೆಯ ಸಂದಿಯಿಂದ ಹೊರಬಂದು, ಬ್ಯಾಕ್ಟೀರಿಯಾವನ್ನು ನುಂಗಿ, ಅಲ್ಲೇ ಸಾಯುತ್ತವೆ. ಕೀವು ಅಂದರೆ ಬಹುಪಾಲು ಹೀಗೆ ಸತ್ತ ನ್ಯೂಟ್ರೋಫಿಲ್‌ಗಳೇ.

ಒಂದೊಂದು ನ್ಯೂಟ್ರೋಫಿಲ್ ಒಳಗೂ ನೂರಾರು ಸಣ್ಣ ಸಣ್ಣ ಚೀಲಗಳಿರುತ್ತವೆ. ಅವುಗಳಿಗೆ ಗ್ರಾನ್ಯೂಲ್ ಅನ್ನುತ್ತಾರೆ. ಎಲಾಸ್ಟೇಸ್ ಇರುವುದು ಅದರಲ್ಲಿ. ಜೊತೆಗೆ ಕ್ಯಾಥೆಪ್ಸಿನ್ ಜಿ, ಪ್ರೋಟಿನೇಸ್ 3 ಎಂಬ ಇನ್ನೆರಡು ಅಣ್ಣತಮ್ಮಂದಿರು. ಮೈಲೋಪೆರಾಕ್ಸಿಡೇಸ್ ಎಂಬ ಹಸಿರು ಬಣ್ಣದ ಇನ್ನೊಂದು ಕಿಣ್ವವೂ ಅಲ್ಲೇ ಇರುತ್ತದೆ. ಕೀವು, ಕೆಲವೊಮ್ಮೆ ಕಫ, ಹಸಿರಾಗಿ ಕಾಣುವುದು ಅದರಿಂದ.

ಪ್ರೋಟಿಯೇಸ್ ಅಂದರೆ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಉದ್ದ ಸರಪಳಿ. ಎಲ್ಲಿ ಬೇಕಾದಲ್ಲಿ ಕತ್ತರಿಸುವುದಕ್ಕೆ ಆಗುವುದಿಲ್ಲ. ಪ್ರತಿ ಪ್ರೋಟಿಯೇಸ್‌ಗೂ ತನ್ನದೇ ಆಯ್ಕೆ ಇದೆ. ಎಲಾಸ್ಟೇಸ್‌ಗೆ ವ್ಯಾಲೀನ್, ಅಲಾನೀನ್‌ನಂಥ ಸಣ್ಣ ಅಮೈನೋ ಆಮ್ಲ ಇರುವ ಜಾಗ ಇಷ್ಟ. ಕಿಣ್ವದ ಮೈಯಲ್ಲಿ ಒಂದು ಸಣ್ಣ ತಗ್ಗು ಇದೆ. ಸರಪಳಿಯ ಆ ಭಾಗ ಅದರಲ್ಲಿ ಕೂರುತ್ತದೆ. ಪಕ್ಕದಲ್ಲೇ ಇರುವ ಸೀರೀನ್ ಎಂಬ ಅಮೈನೋ ಆಮ್ಲ ಸರಪಳಿಯ ಕೊಂಡಿಗೆ ಅಂಟಿಕೊಂಡು ಅದನ್ನು ಮುರಿಯುತ್ತದೆ, ಕೊನೆಗೆ ನೀರಿನ ಅಣು ಬಂದು ಬಿಡಿಸುತ್ತದೆ. ಕಿಣ್ವಕ್ಕೆ ಏನೂ ಆಗುವುದಿಲ್ಲ, ಮುಂದಿನ ಕೊಂಡಿಗೆ ಹೋಗುತ್ತದೆ. ಸೀರೀನ್ ಕೆಲಸ ಮಾಡುವುದರಿಂದ ಇಂಥವುಗಳಿಗೆ ಸೀರೀನ್ ಪ್ರೋಟಿಯೇಸ್ ಅಂತ ಹೆಸರು. ಹೊಟ್ಟೆಯಲ್ಲಿ ಬೇಳೆ, ಮೊಟ್ಟೆ ಅರಗಿಸುವ ಟ್ರಿಪ್ಸಿನ್ ಕೂಡ ಇದೇ ಮನೆತನದ್ದು.

ಅಂದಹಾಗೆ, ಲ್ಯಾಬ್‌ನಲ್ಲಿ ಮಲದ ಎಲಾಸ್ಟೇಸ್ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಅದು ಮೇದೋಜೀರಕ ಗ್ರಂಥಿಯ ಬೇರೆ ಕಿಣ್ವ. ಹೆಸರು ಒಂದೇ ಅಂತ ಗಲಿಬಿಲಿ ಆಗುವುದು ಬೇಡ.

ಬ್ಯಾಕ್ಟೀರಿಯಾ ಮುಂದೆ ಎಲಾಸ್ಟೇಸ್

ಈ ಕಿಣ್ವ ನಮ್ಮನ್ನು ಕಾಯುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1998ರಲ್ಲಿ. ಎಲಾಸ್ಟೇಸ್ ಜೀನ್ ತೆಗೆದುಹಾಕಿದ ಇಲಿಗಳಿಗೆ ಕ್ಲೆಬ್ಸಿಯೆಲ್ಲಾ, ಇ. ಕೋಲೈ ಬ್ಯಾಕ್ಟೀರಿಯಾಗಳ ಸೋಂಕು ಕೊಟ್ಟು ನೋಡಿದರು. ಆ ಇಲಿಗಳಲ್ಲೂ ನ್ಯೂಟ್ರೋಫಿಲ್‌ಗಳು ಬೇಕಾದಷ್ಟಿದ್ದವು, ಸೋಂಕಿನ ಜಾಗಕ್ಕೂ ಹೋದವು. ಆದರೂ ಬ್ಯಾಕ್ಟೀರಿಯಾ ಸರಿಯಾಗಿ ಸಾಯಲಿಲ್ಲ. ಮಾಮೂಲಿ ಇಲಿಗಳಿಗಿಂತ ಇವು ಹೆಚ್ಚು ಸತ್ತವು. 2000ದಲ್ಲಿ ಅದೇ ತಂಡ ಕಾರಣವನ್ನೂ ತೋರಿಸಿತು. ಇ. ಕೋಲೈನ ಹೊರ ಪೊರೆಯಲ್ಲಿ ಓಂಪ್-ಎ ಎಂಬ ಪ್ರೋಟೀನ್ ಇದೆ. ಪೊರೆ ಗಟ್ಟಿಯಾಗಿ ನಿಲ್ಲುವುದಕ್ಕೆ ಅದು ಬೇಕು. ಎಲಾಸ್ಟೇಸ್ ಅದನ್ನೇ ಕತ್ತರಿಸುತ್ತದೆ. ಪೊರೆ ಸಡಿಲಾಗಿ ಬ್ಯಾಕ್ಟೀರಿಯಾ ಸಾಯುತ್ತದೆ.

ಎರಡು ಪದರದ ಪೊರೆ ಇರುವ ಇಂಥ ಬ್ಯಾಕ್ಟೀರಿಯಾಗಳಿಗೆ ಗ್ರಾಂ-ನೆಗೆಟಿವ್ ಅನ್ನುತ್ತಾರೆ. ಈ ಹೆಸರು ನೆನಪಿಡಿ. ಹತ್ತಿ ಧೂಳಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನೊಂದು ಅಚ್ಚರಿ 2004ರಲ್ಲಿ ಬರ್ಲಿನ್‌ನಿಂದ ಬಂತು. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನು ಅಂದರೆ, ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಎಳೆ ಎಳೆಯಾಗಿ ಹೊರಗೆ ಚೆಲ್ಲುತ್ತದೆ. ಆ ಎಳೆಗಳಿಗೆ ಎಲಾಸ್ಟೇಸ್ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ನೆಟ್ ಅಂತ ಹೆಸರಿಟ್ಟರು. ಮುಂದೆ 2010ರಲ್ಲಿ ತಿಳಿದಿದ್ದು, ಈ ಎಳೆಗಳನ್ನು ಬಿಚ್ಚುವುದರಲ್ಲೂ ಎಲಾಸ್ಟೇಸ್‌ನ ಕೈವಾಡ ಇದೆ ಅಂತ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳನ್ನು ಅದು ಜೀವಕೋಶದ ನಡುವಿನ ನ್ಯೂಕ್ಲಿಯಸ್‌ಗೆ ಹೋಗಿ ಕತ್ತರಿಸುತ್ತದೆ. ಆಗ ಡಿಎನ್‌ಎ ಸಡಿಲವಾಗುತ್ತದೆ.

ಕಿಣ್ವಕ್ಕೆ ಇನ್ನೊಂದು ಕೆಲಸವೂ ಇದೆ. ಉರಿಯೂತದ ಸಂದೇಶ ಹೊತ್ತೊಯ್ಯುವ ಕೆಲವು ಪ್ರೋಟೀನುಗಳು ತಯಾರಾದಾಗ ಅರೆ ನಿದ್ದೆಯಲ್ಲಿರುತ್ತವೆ. ಚರ್ಮದ ಐಎಲ್-36 ಅಂಥದ್ದು. ಅದರ ತುದಿಯನ್ನು ಎಲಾಸ್ಟೇಸ್‌ನಂಥ ಪ್ರೋಟಿಯೇಸ್ ಕತ್ತರಿಸಿದರೆ ಮಾತ್ರ ಅದು ಜೋರಾಗಿ ಕೆಲಸ ಶುರು ಮಾಡುತ್ತದೆ. ಸೋರಿಯಾಸಿಸ್ ಚರ್ಮದಲ್ಲಿ ಕೆಂಪು, ಊತ ಏಳುವುದರ ಹಿಂದೆ ಇದೂ ಒಂದು. ಅಂದರೆ ಈ ಕಿಣ್ವ ಕೊಲ್ಲುವುದರ ಜೊತೆಗೆ ಇನ್ನಷ್ಟು ಜನರನ್ನು ಕರೆಯುವುದರಲ್ಲೂ ಭಾಗಿ. ಹಾಗೆಯೇ ಕೆಲವು ಸಂದೇಶಗಳನ್ನು ಕತ್ತರಿಸಿ ಹಾಳು ಮಾಡುವುದೂ ಇದೆ.

ತಡೆಯುವವನು ಇಲ್ಲದಿದ್ದರೆ

ಇಷ್ಟು ಹರಿತವಾದ ಕಿಣ್ವವನ್ನು ದೇಹ ಸುಮ್ನೆ ಬಿಟ್ಟಿರುವುದಿಲ್ಲ. ರಕ್ತದಲ್ಲಿ ಸದಾ ಓಡಾಡುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಇದನ್ನು ಹಿಡಿಯುತ್ತದೆ. ಅದನ್ನು ತಯಾರಿಸುವುದು ಮುಖ್ಯವಾಗಿ ಲಿವರ್. ರಕ್ತದಲ್ಲಿ ಲೀಟರಿಗೆ ಸುಮಾರು 1ರಿಂದ 2 ಗ್ರಾಂ ಇರುತ್ತದೆ. ಜ್ವರ, ಸೋಂಕು ಬಂದಾಗ ಮೂರ್ನಾಲ್ಕು ಪಟ್ಟು ಏರುತ್ತದೆ.

ಅದು ಹಿಡಿಯುವ ರೀತಿ ನಮ್ಮ ಮನೆಯ ಇಲಿ ಬೋನಿನ ಹಾಗೆ. ಅದರ ಮೈಯಿಂದ ಒಂದು ಕುಣಿಕೆ ಹೊರಗೆ ಚಾಚಿರುತ್ತದೆ. ಅದೇ ಆಸೆ ತೋರಿಸುವ ತುಣುಕು. 358ನೇ ಜಾಗದಲ್ಲಿ ಮಿಥಿಯೋನೀನ್ ಎಂಬ ಅಮೈನೋ ಆಮ್ಲ ಇದೆ. ಎಲಾಸ್ಟೇಸ್ ಬಂದು ಅಲ್ಲಿ ಕತ್ತರಿಸುತ್ತದೆ. ಕತ್ತರಿಸಿದ ಕೂಡಲೇ ಕುಣಿಕೆ ಫಟ್ಟನೆ ಒಳಗೆ ಮಡಚಿಕೊಳ್ಳುತ್ತದೆ. ಇನ್ನೂ ಅಂಟಿಕೊಂಡೇ ಇರುವ ಎಲಾಸ್ಟೇಸ್ ಪ್ರೋಟೀನಿನ ಈ ತುದಿಯಿಂದ ಆ ತುದಿಗೆ ಎಸೆಯಲ್ಪಟ್ಟು ಅಪ್ಪಚ್ಚಿಯಾಗುತ್ತದೆ. ಅದರ ಆಕಾರ ಕೆಟ್ಟು ಮತ್ತೆಂದೂ ಕತ್ತರಿಸಲಾರದು. ಬೋನೂ ಮತ್ತೆ ಬಳಕೆಗೆ ಬರುವುದಿಲ್ಲ. ಹೀಗೆ ಸಿಕ್ಕಿಬಿದ್ದ ಪ್ರೋಟಿಯೇಸ್‌ನ ರಚನೆಯನ್ನು ಕೇಂಬ್ರಿಜ್ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ಒಂದು ಪ್ರೋಟಿಯೇಸ್‌ಗೆ ಒಂದು ಬೋನು ಖರ್ಚು. ಲಿವರ್ ದಿನವೂ ಹೊಸದನ್ನು ಮಾಡುತ್ತಲೇ ಇರಬೇಕು.

ಈ ಬೋನು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಗೊತ್ತಾಗಿದ್ದು 1963ರಲ್ಲಿ, ಸ್ವೀಡನ್‌ನಲ್ಲಿ. ಕಾರ್ಲ್-ಬರ್ಟಿಲ್ ಲಾರೆಲ್ ಎಂಬ ವಿಜ್ಞಾನಿ ರೋಗಿಗಳ ರಕ್ತದ ಪ್ರೋಟೀನುಗಳನ್ನು ವಿದ್ಯುತ್ ಹರಿಸಿ ಬೇರ್ಪಡಿಸಿದ ಸುಮಾರು 1,500 ಪಟ್ಟಿಗಳನ್ನು ನೋಡುತ್ತಿದ್ದರು. ಐದರಲ್ಲಿ ಆಲ್ಫಾ-1 ಎಂಬ ಗೆರೆಯೇ ಇರಲಿಲ್ಲ. ಕಿರಿಯ ವೈದ್ಯ ಸ್ಟೆನ್ ಎರಿಕ್ಸನ್ ಆ ಐವರ ಬೆನ್ನು ಹತ್ತಿದರು. ಮೂವರಿಗೆ ಎಂಫಿಸೀಮಾ ಇತ್ತು. ಅಂದರೆ ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಹರಿದು ಹೋಗುವ ಕಾಯಿಲೆ.

ಅದೇ ಕಾಲದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪಾಲ್ ಗ್ರಾಸ್ ಮತ್ತು ಸಂಗಡಿಗರು ಇಲಿಗಳ ಶ್ವಾಸಕೋಶಕ್ಕೆ ಪಪೈನ್ ಹಾಕಿ ನೋಡಿದರು. ಪಪೈನ್ ಅಂದರೆ ಪರಂಗಿಕಾಯಿ ಹಾಲಿನಲ್ಲಿರುವ ಪ್ರೋಟಿಯೇಸ್. ಮಟನ್ ಬೇಗ ಬೇಯಲಿ ಅಂತ ಕಾಯಿಪರಂಗಿಯ ಹೋಳು ಹಾಕುತ್ತೇವಲ್ಲ, ಅದರೊಳಗೆ ಕೆಲಸ ಮಾಡುವುದು ಅದೇ. ಆ ಇಲಿಗಳಿಗೆ ಎಂಫಿಸೀಮಾ ಬಂತು. ಈ ಎರಡು ಸುದ್ದಿ ಒಟ್ಟಿಗೆ ಸೇರಿದಾಗ ಚಿತ್ರ ಸ್ಪಷ್ಟವಾಯಿತು. ಪ್ರೋಟಿಯೇಸ್ ಜಾಸ್ತಿಯಾದರೂ, ಅದನ್ನು ತಡೆಯುವುದು ಕಡಿಮೆಯಾದರೂ ಶ್ವಾಸಕೋಶ ಹರಿಯುತ್ತದೆ.

ಶ್ವಾಸಕೋಶವೇ ಯಾಕೆ? ಗಾಳಿಗೂಡುಗಳ ಗೋಡೆ ತುಂಬಾ ತೆಳು. ದೊಡ್ಡವರಲ್ಲಿ ಇಂಥ ಗೂಡುಗಳು ಸರಾಸರಿ 48 ಕೋಟಿ. ಉಸಿರು ಎಳೆದಾಗ ಹಿಗ್ಗಿ, ಬಿಟ್ಟಾಗ ತಾನೇ ಕುಗ್ಗುವ ಗುಣ ಅವಕ್ಕೆ ಬಂದಿರುವುದು ಎಲಾಸ್ಟಿನ್ ಎಂಬ ನಾರಿನಿಂದ. ಈ ನಾರಿನಲ್ಲಿ ವ್ಯಾಲೀನ್, ಅಲಾನೀನ್ ತುಂಬಿವೆ. ಎಲಾಸ್ಟೇಸ್‌ಗೆ ಇಷ್ಟವಾದ ಜಾಗಗಳೇ ಸಾಲು ಸಾಲಾಗಿ ಸಿಕ್ಕ ಹಾಗೆ ಆಯಿತು. ಇದಕ್ಕಿಂತ ದೊಡ್ಡ ತೊಂದರೆ ಅಂದರೆ, ಎಲಾಸ್ಟಿನ್ ನಾವು ಹೊಟ್ಟೆಯಲ್ಲಿದ್ದಾಗ ಮತ್ತು ಚಿಕ್ಕವರಿದ್ದಾಗ ತಯಾರಾಗುವ ವಸ್ತು. ದೊಡ್ಡವರಾದ ಮೇಲೆ ಸರಿಯಾದ ಹೊಸ ನಾರು ಹೆಚ್ಚುಕಡಿಮೆ ಬರುವುದೇ ಇಲ್ಲ. ಜೀವಮಾನ ಪೂರ್ತಿ ಅದೇ ನಾರಿನಲ್ಲಿ ಉಸಿರಾಡಬೇಕು. ಹರಿದರೆ ಗೂಡುಗಳು ಒಂದಕ್ಕೊಂದು ಸೇರಿ ದೊಡ್ಡ ಪೊಳ್ಳುಗಳಾಗುತ್ತವೆ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ಕಷ್ಟ. ದಮ್ಮು ಕಟ್ಟುವುದು ಹಾಗೆ.

ಇಲ್ಲೊಂದು ಪ್ರಶ್ನೆ ಏಳಬೇಕು. ರಕ್ತದಲ್ಲಿ ತಡೆಯುವ ಪ್ರೋಟೀನ್ ಸಾಕಷ್ಟಿರುವ ಆರೋಗ್ಯವಂತರಿಗೂ ಯಾಕೆ ಹಾನಿಯಾಗುತ್ತದೆ? ಇದಕ್ಕೆ ಸಿಕ್ಕ ಉತ್ತರ ನನಗೆ ಈ ವಿಷಯದಲ್ಲೇ ತುಂಬಾ ಹಿಡಿಸಿದ್ದು. ಒಂದು ಗ್ರಾನ್ಯೂಲ್ ಒಳಗೆ ಎಲಾಸ್ಟೇಸ್‌ನ ಹತ್ತಾರು ಸಾವಿರ ಅಣುಗಳು ಒತ್ತೊತ್ತಾಗಿ ತುಂಬಿರುತ್ತವೆ. ಆ ಸಾಂದ್ರತೆ ರಕ್ತದಲ್ಲಿರುವ ಆಂಟಿಟ್ರಿಪ್ಸಿನ್‌ಗಿಂತ ನೂರು ಪಟ್ಟಿಗೂ ಜಾಸ್ತಿ. ಗ್ರಾನ್ಯೂಲ್ ಹೊರಗೆ ಒಡೆದ ಆ ಕ್ಷಣದಲ್ಲಿ, ಅದರ ಸುತ್ತಲಿನ ಚೂರು ಜಾಗದಲ್ಲಿ ಎಲಾಸ್ಟೇಸ್‌ನದೇ ಕೈ ಮೇಲು. ಅದು ಹರಡಿ ತೆಳುವಾದ ಮೇಲಷ್ಟೇ ಬೋನುಗಳಿಗೆ ಸಿಗುತ್ತದೆ. ಅಷ್ಟರಲ್ಲಿ ನಡೆದ ಕತ್ತರಿ ಕೆಲಸ ನಡೆದೇ ಹೋಗಿರುತ್ತದೆ. ಆಂಟಿಟ್ರಿಪ್ಸಿನ್ ಕಡಿಮೆ ಇರುವವರಲ್ಲಿ ಈ ಜಾಗ ದೊಡ್ಡದಾಗುತ್ತದೆ, ಸಮಯವೂ ಹೆಚ್ಚಾಗುತ್ತದೆ. ಸೋಂಕು ಬಂದಾಗ ಇಷ್ಟು ನಷ್ಟವನ್ನು ದೇಹ ತಡೆದುಕೊಳ್ಳುತ್ತದೆ. ದಿನವೂ, ವರ್ಷಗಟ್ಟಲೆ ನ್ಯೂಟ್ರೋಫಿಲ್‌ಗಳು ಅದೇ ಜಾಗಕ್ಕೆ ಬಂದು ಒಡೆಯುತ್ತಿದ್ದರೆ ಚೂರು ಚೂರೇ ಸೇರಿ ದೊಡ್ಡದಾಗುತ್ತದೆ.

ಹುಟ್ಟಿನಿಂದಲೇ ಆಂಟಿಟ್ರಿಪ್ಸಿನ್ ತೀರಾ ಕಡಿಮೆ ಇರುವ ಸ್ಥಿತಿ ಹೆಚ್ಚಾಗಿ ಕಾಣುವುದು ಉತ್ತರ ಯುರೋಪಿನ ಮೂಲದವರಲ್ಲಿ. ಅಲ್ಲಿ ಸಾಮಾನ್ಯವಾದ ಝಡ್ ಎಂಬ ಜೀನ್ ದೋಷ ನಮ್ಮವರಲ್ಲಿ ಅಪರೂಪ. ಹಾಗಾದರೆ ನಮಗೆ ಇದರ ಚಿಂತೆ ಯಾಕೆ ಅನ್ನಬಹುದು. ನಮ್ಮಲ್ಲಿ ತಡೆಯುವುದು ಕಡಿಮೆ ಇಲ್ಲ. ನ್ಯೂಟ್ರೋಫಿಲ್‌ಗಳನ್ನು ಶ್ವಾಸಕೋಶಕ್ಕೆ ಕರೆಯುವ ಕಾರಣಗಳು ಜಾಸ್ತಿ ಇವೆ.

ಒಲೆ, ಬೀಡಿ, ಅರಳೆ

ಗದಗ, ಹಾವೇರಿ ಕಡೆಯ ಯಾವುದಾದರೂ ಹಳ್ಳಿಯ ಹಳೇ ಅಡುಗೆಮನೆ ನೆನೆಸಿಕೊಳ್ಳಿ. ಕಿಟಕಿ ಇಲ್ಲ, ಇದ್ದರೂ ಗೇಣಗಲ. ಒಲೆಗೆ ಹತ್ತಿಕಟ್ಟಿಗೆ, ಕುಳ್ಳು. ಜೋಳದ ರೊಟ್ಟಿ ಬಡಿಯುವಾಗ ಬೆಂಕಿ ಒಂದೇ ಹದದಲ್ಲಿ ಇರಬೇಕು, ಹಾಗಾಗಿ ಒಲೆ ಬಿಟ್ಟು ಏಳುವ ಹಾಗಿಲ್ಲ. ಬೆಂಕಿ ಕುಂದಿದರೆ ಬಗ್ಗಿ ಊದುಗೊಳವಿ ಊದಬೇಕು. ಊದಿದ ಕೂಡಲೇ ಹೊಗೆ ನೇರ ಮುಖಕ್ಕೆ. ಕಣ್ಣು ಒರೆಸಿಕೊಂಡು ಮುಂದಿನ ಉಂಡೆ ಎತ್ತಿಕೊಳ್ಳುವುದು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಅಂದರೆ ಇನ್ನೂ ಕಷ್ಟ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಒಲೆ, ರೊಟ್ಟಿ ಒಲೆ ಎಷ್ಟೋ ಕಡೆ ಉಳಿದಿವೆ. ಇಂಥ ಒಲೆಯ ಮುಂದೆ ಮೂವತ್ತು, ನಲವತ್ತು ವರ್ಷ ಕೂತ ಹೆಂಗಸಿಗೆ ಐವತ್ತೈದಕ್ಕೆ ದಮ್ಮು ಶುರುವಾದರೆ ಮನೆಯವರು ವಯಸ್ಸಾಯಿತು ಅನ್ನುತ್ತಾರೆ. ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅದು ವಯಸ್ಸಿನ ಆಟವಾಗಿರಬೇಕಿಲ್ಲ, ಸಿಒಪಿಡಿ ಎಂಬ, ಉಸಿರಿನ ದಾರಿ ಕಟ್ಟಿಕೊಂಡು ಉಳಿಯುವ ಕಾಯಿಲೆಯಾಗಿರಬಹುದು. ಎಂಫಿಸೀಮಾ ಅದರದ್ದೇ ಒಂದು ರೂಪ. 2016ರ ಅಂದಾಜಿನ ಪ್ರಕಾರ ಭಾರತದಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಬಿಟ್ಟರೆ ಅತಿ ಹೆಚ್ಚು ಸಾವಿಗೆ ಕಾರಣ ಇದೇ.

ಹೊಗೆಯ ಕಣಗಳು ಗಾಳಿಗೂಡಿಗೆ ಮುಟ್ಟಿದಾಗ ಅಲ್ಲೇ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಅವನ್ನು ನುಂಗುತ್ತವೆ, ಕೆರಳುತ್ತವೆ, ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತವೆ. ಅಲ್ಲಿ ಕೊಲ್ಲುವುದಕ್ಕೆ ಬ್ಯಾಕ್ಟೀರಿಯಾ ಇಲ್ಲ. ಆದರೂ ಬಂದವು ಎಲಾಸ್ಟೇಸ್ ಚೆಲ್ಲುತ್ತವೆ. ತಂಬಾಕಿನ ಹೊಗೆ ಇನ್ನೊಂದು ಕೆಡುಕನ್ನೂ ಮಾಡುತ್ತದೆ. ಮೇಲೆ ಹೇಳಿದ 358ನೇ ಮಿಥಿಯೋನೀನ್‌ಗೆ ಆಮ್ಲಜನಕ ಅಂಟಿಸಿ ಬೋನಿನ ಆಸೆಯನ್ನೇ ಕೆಡಿಸುತ್ತದೆ. ಹಾಗೆ ಕೆಟ್ಟ ಆಂಟಿಟ್ರಿಪ್ಸಿನ್ ಎಲಾಸ್ಟೇಸನ್ನು ಸರಿಯಾಗಿ ಹಿಡಿಯಲಾರದು. ಒಂದೇ ಬೀಡಿ ಎರಡೂ ಕೆಲಸ ಮಾಡುತ್ತದೆ, ಕತ್ತರಿಸುವವರನ್ನು ಕರೆಯುತ್ತದೆ, ತಡೆಯುವವರನ್ನು ಕುಂಟ ಮಾಡುತ್ತದೆ.

ಎಲಾಸ್ಟೇಸ್ ಒಂದೇ ತಪ್ಪಿತಸ್ಥ ಅಂತ ಹೇಳುವುದು ಸರಿಯಲ್ಲ. ಮ್ಯಾಕ್ರೋಫೇಜ್‌ಗಳು ತಮ್ಮದೇ ಇನ್ನೊಂದು ಪ್ರೋಟಿಯೇಸ್ ಬಿಡುತ್ತವೆ. ಅದರ ಹೆಸರು ಎಂಎಂಪಿ-12. ಇವೆರಡೂ ಸೇರಿಕೊಂಡರೆ ಕಷ್ಟ. ಎಂಎಂಪಿ-12 ಆಂಟಿಟ್ರಿಪ್ಸಿನನ್ನು ಕತ್ತರಿಸಿ ಎಲಾಸ್ಟೇಸ್‌ಗೆ ದಾರಿ ಬಿಡುತ್ತದೆ, ಎಲಾಸ್ಟೇಸ್ ಎಂಎಂಪಿಗಳನ್ನು ತಡೆಯುವ ಪ್ರೋಟೀನನ್ನು ಕತ್ತರಿಸುತ್ತದೆ. ಸಾಲದ್ದಕ್ಕೆ, ಹರಿದ ಎಲಾಸ್ಟಿನ್ ಚೂರುಗಳೇ ಇನ್ನಷ್ಟು ಬಿಳಿ ಕಣಗಳನ್ನು ಕರೆಯುತ್ತವೆ. ಎಲಾಸ್ಟೇಸ್ ಇಲ್ಲದ ಇಲಿಗಳಿಗೆ ತಿಂಗಳುಗಟ್ಟಲೆ ಸಿಗರೇಟ್ ಹೊಗೆ ಕೊಟ್ಟು 2003ರಲ್ಲಿ ನೋಡಿದಾಗ ಎಂಫಿಸೀಮಾ 59% ಕಡಿಮೆ ಇತ್ತು. ಪೂರ್ತಿ ಇಲ್ಲವಾಗಲಿಲ್ಲ. ಉಳಿದಿದ್ದು ಇಂಥ ಬೇರೆ ಪ್ರೋಟಿಯೇಸ್‌ಗಳ ಪಾಲು.

ಇನ್ನು ಅರಳೆ. ಹುಬ್ಬಳ್ಳಿ, ಗದಗ ಬೆಳೆದಿದ್ದೇ ಹತ್ತಿ ವ್ಯಾಪಾರದ ಮೇಲೆ. ವರಲಕ್ಷ್ಮಿ ಎಂಬ ಹೆಸರಾಂತ ಹೈಬ್ರಿಡ್ ಹತ್ತಿ 1972ರಲ್ಲಿ ಬಂದಿದ್ದು ಧಾರವಾಡದಿಂದಲೇ. ಹತ್ತಿ ಧೂಳಿನಲ್ಲಿ ದಿನಗಟ್ಟಲೆ ಕೆಲಸ ಮಾಡುವವರಿಗೆ ಬಿಸಿನೋಸಿಸ್ ಎಂಬ ಕಾಯಿಲೆ ಬರುತ್ತದೆ. ನೂಲಿನ ಗಿರಣಿಗಳಲ್ಲಿ ಇದು ಜಾಸ್ತಿ. ಇದರ ಗುರುತು ವಿಚಿತ್ರ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಹೆಚ್ಚು ಬಿಗಿಯುತ್ತದೆ. ಅದೂ ಒಳಗೆ ಕಾಲಿಟ್ಟ ಕೂಡಲೇ ಅಲ್ಲ, ಕೆಲವು ಗಂಟೆ ಕಳೆದ ಮೇಲೆ. ವಾರ ಮುಂದುವರಿದಂತೆ ಬಿಗಿತ ಕಡಿಮೆಯಾಗುತ್ತದೆ. ಹಾಗಾಗಿ ಜನ ಇದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ.

ಈ ತಡ ಯಾಕೆ? ಹತ್ತಿಯ ಕಾಯಿಯ ಸುತ್ತಲಿನ ಒಣ ಎಲೆಚೂರುಗಳ ಮೇಲೆ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಅವು ಸತ್ತರೂ ಅವುಗಳ ಪೊರೆಯ ತುಣುಕು ಧೂಳಿನಲ್ಲಿ ಉಳಿಯುತ್ತದೆ. ಅದಕ್ಕೆ ಎಂಡೋಟಾಕ್ಸಿನ್ ಅಂತ ಹೆಸರು. ಜೀವವಿಲ್ಲದ ಈ ತುಣುಕನ್ನು ಕಂಡರೂ ಮ್ಯಾಕ್ರೋಫೇಜ್ ಸೋಂಕು ಬಂತು ಅಂತಲೇ ತಿಳಿದು ಕರೆ ಕಳಿಸುತ್ತದೆ. ನ್ಯೂಟ್ರೋಫಿಲ್‌ಗಳು ಬಂದು ಸೇರಲು ಗಂಟೆಗಳು ಬೇಕು. 1987ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸ್ವಯಂಸೇವಕರನ್ನು ಬೇರೆ ಬೇರೆ ಹತ್ತಿಯ ಧೂಳಿನಲ್ಲಿ ಕೂರಿಸಿ ಉಸಿರಿನ ಬಲ ಅಳೆದರು. ಉಸಿರು ಕುಗ್ಗಿದ್ದು ಧೂಳಿನ ತೂಕಕ್ಕೆ ತಕ್ಕಂತೆ ಇರಲಿಲ್ಲ, ಅದರಲ್ಲಿದ್ದ ಎಂಡೋಟಾಕ್ಸಿನ್‌ಗೆ ತಕ್ಕಂತೆ ಇತ್ತು. ಕಾಳು ಒಕ್ಕುವಾಗ, ತೂರುವಾಗ ಏಳುವ ಧೂಳಿನಲ್ಲೂ ಎಂಡೋಟಾಕ್ಸಿನ್ ಇರುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಕೆಮ್ಮು ಬೇರೆ. ಅಲ್ಲಿ ಕಾಲಿಟ್ಟವರಿಗೆ ತಕ್ಷಣ ಸೀನು, ಕೆಮ್ಮು ಬರುತ್ತದೆ, ಹೊರಗೆ ಬಂದರೆ ಕಡಿಮೆಯಾಗುತ್ತದೆ. ಅದು ಖಾರದ ಕ್ಯಾಪ್ಸೈಸಿನ್ ನರದ ತುದಿಗಳನ್ನು ಚುಚ್ಚಿದ್ದರ ಫಲ. ತಕ್ಷಣ ಬರುವ ಕೆಮ್ಮು ನಮ್ಮನ್ನು ಹೊರಗೆ ಓಡಿಸುತ್ತದೆ. ತಡವಾಗಿ ಬರುವ ಬಿಗಿತ ಓಡಿಸುವುದಿಲ್ಲ. ಅಷ್ಟು ಹೊತ್ತಿಗೆ ಪಾಳಿಯೇ ಮುಗಿದಿರುತ್ತದೆ. ಹಾನಿ ಹೆಚ್ಚು ಮಾಡುವುದು ಎರಡನೆಯದು ಅನ್ನುವುದೇ ಬೇಸರದ ವಿಷಯ.

ಕಫ ನಿಲ್ಲದವರು

ಟಿಬಿ ವಾಸಿಯಾದ ಮೇಲೂ ಕೆಲವರಿಗೆ ವರ್ಷಗಟ್ಟಲೆ ದಪ್ಪ ಕಫ ಬರುತ್ತಲೇ ಇರುತ್ತದೆ. ಟಿಬಿ ಮಾಡಿದ ಗಾಯದಿಂದ ಉಸಿರಿನ ಕೊಳವೆಗಳು ಅಗಲವಾಗಿ, ಸಡಿಲಾಗಿ ಉಳಿದುಬಿಡುತ್ತವೆ. ಇದು ಬ್ರಾಂಕಿಯೆಕ್ಟಾಸಿಸ್. 2019ರಲ್ಲಿ ಭಾರತದ 31 ಕೇಂದ್ರಗಳ 2,195 ರೋಗಿಗಳ ಲೆಕ್ಕ ಪ್ರಕಟವಾಯಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಬಂದಿದ್ದು ಟಿಬಿಯ ನಂತರವೇ.

ಇವರ ಕಫದಲ್ಲಿ ಎಲಾಸ್ಟೇಸ್ ತುಂಬಿ ತುಳುಕುತ್ತಿರುತ್ತದೆ. ಅಲ್ಲಿ ಅದು ಮಾಡುವ ಕೆಲಸ ನೋಡಿ. ಕೊಳವೆಯ ಜೀವಕೋಶಗಳಿಂದ ಇನ್ನಷ್ಟು ಲೋಳೆ ಹೊರಡಿಸುತ್ತದೆ. ಆ ಲೋಳೆಯನ್ನು ಮೇಲೆ ತಳ್ಳುವ ಸಣ್ಣ ರೋಮಗಳ ಬಡಿತವನ್ನು ನಿಧಾನ ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೆ ಅಂಟಿ ಗುರುತು ಹೇಳುವ ಪ್ರತಿಕಾಯಗಳನ್ನು ಕತ್ತರಿಸುತ್ತದೆ. ನ್ಯೂಟ್ರೋಫಿಲ್‌ನ ಮೈಮೇಲೆ ಬ್ಯಾಕ್ಟೀರಿಯಾ ಹಿಡಿಯುವ ಪ್ರೋಟೀನುಗಳನ್ನೂ ಕತ್ತರಿಸುತ್ತದೆ. ಅಂದರೆ ಬ್ಯಾಕ್ಟೀರಿಯಾ ಕೊಲ್ಲಲು ಇರುವ ಕಿಣ್ವವೇ ಜಾಸ್ತಿಯಾದಾಗ ಬ್ಯಾಕ್ಟೀರಿಯಾ ಉಳಿಯುವಂತೆ ಮಾಡುತ್ತದೆ. ಉಳಿದ ಬ್ಯಾಕ್ಟೀರಿಯಾ ಮತ್ತೆ ನ್ಯೂಟ್ರೋಫಿಲ್‌ಗಳನ್ನು ಕರೆಸುತ್ತದೆ.

ಇದನ್ನೆಲ್ಲ ಓದಿದ ಮೇಲೆ ಇಮ್ಯುನಿಟಿ ಹೆಚ್ಚಿಸುತ್ತೇವೆ ಎಂಬ ಜಾಹೀರಾತುಗಳನ್ನು ಇನ್ನೊಮ್ಮೆ ನೋಡಿ. ನ್ಯೂಟ್ರೋಫಿಲ್ ಜಾಸ್ತಿ ಕೆರಳಿದರೆ ಒಳ್ಳೆಯದು ಅಂತ ಇಲ್ಲವೇ ಇಲ್ಲ. ಬೇಕಾದಾಗ ಬರಬೇಕು, ಕೆಲಸ ಮುಗಿದ ಮೇಲೆ ಹೋಗಬೇಕು. ಇನ್ನೊಂದು ಮಾತು, ಊತಕ್ಕೆ ಅಂತ ನಮ್ಮಲ್ಲಿ ಸೆರಾಷಿಯೋಪೆಪ್ಟಿಡೇಸ್ ಎಂಬ ಗುಳಿಗೆ ಬಹಳ ಬರೆಯುತ್ತಾರೆ. ಅದೂ ಒಂದು ಪ್ರೋಟಿಯೇಸ್. ಜಪಾನಿನಲ್ಲಿ ಅದನ್ನು ಮಾರುತ್ತಿದ್ದ ಕಂಪನಿಯೇ, ಔಷಧಿಯೇ ಇಲ್ಲದ ಹುಸಿಗುಳಿಗೆಗಿಂತ ಮೇಲು ಅಂತ ತೋರಿಸಲು ಆಗದೆ 2011ರಲ್ಲಿ ಹಿಂದಕ್ಕೆ ಪಡೆಯಿತು.

ಹಾಗಾದರೆ ಎಲಾಸ್ಟೇಸನ್ನು ತಡೆಯುವ ಔಷಧಿ ಇಲ್ಲವೇ? ಪ್ರಯತ್ನ ಬಹಳ ನಡೆದಿದೆ. ಆಂಟಿಟ್ರಿಪ್ಸಿನ್ ಹುಟ್ಟಿನಿಂದ ಕಡಿಮೆ ಇರುವವರಿಗೆ ದಾನಿಗಳ ರಕ್ತದಿಂದ ತೆಗೆದ ಆ ಪ್ರೋಟೀನನ್ನೇ ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1987ರಲ್ಲೇ ಒಪ್ಪಿಗೆ ಸಿಕ್ಕಿತು. ಮಾಮೂಲಿ ಸಿಒಪಿಡಿಗೆ ಅದನ್ನು ಕೊಡುವುದಿಲ್ಲ. ಎಲಾಸ್ಟೇಸ್‌ಗೆ ನೇರವಾಗಿ ಅಂಟುವ ಸಿವೆಲೆಸ್ಟಾಟ್ ಎಂಬ ಔಷಧಿಗೆ ಜಪಾನ್ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಹಲವು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಹೊಸ ದಾರಿ ಸಿಕ್ಕಿದ್ದು ಒಂದು ಅಪರೂಪದ ಕಾಯಿಲೆಯಿಂದ. ಎಲಾಸ್ಟೇಸ್ ತಯಾರಾಗುವಾಗ ಕೆಲಸಕ್ಕೆ ಬಾರದ ರೂಪದಲ್ಲಿರುತ್ತದೆ. ಎಲುಬಿನ ಮಜ್ಜೆಯಲ್ಲೇ ಕ್ಯಾಥೆಪ್ಸಿನ್ ಸಿ ಎಂಬ ಇನ್ನೊಂದು ಪ್ರೋಟಿಯೇಸ್ ಅದರ ತುದಿ ಕತ್ತರಿಸಿ ಸಿದ್ಧ ಮಾಡುತ್ತದೆ. ಹುಟ್ಟಿನಿಂದ ಕ್ಯಾಥೆಪ್ಸಿನ್ ಸಿ ಇಲ್ಲದವರಿಗೆ ಪ್ಯಾಪಿಲಾನ್-ಲೆಫೆವ್ರ್ ಎಂಬ ಕಾಯಿಲೆ ಬರುತ್ತದೆ. ಅಂಗೈ, ಅಂಗಾಲು ದಪ್ಪಗಾಗುತ್ತವೆ. ಒಸಡು ಹಾಳಾಗಿ ಹಾಲುಹಲ್ಲು, ಆಮೇಲೆ ಬಂದ ಹಲ್ಲು ಎರಡೂ ಬೇಗ ಉದುರುತ್ತವೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಇದು ಬರುವುದು. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಅಂತ ರಕ್ತಸಂಬಂಧದಲ್ಲಿ ಮದುವೆ ಮಾಡುವ ರೂಢಿ ಇದೆಯಲ್ಲ, ಅಂಥ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಈ ರೋಗಿಗಳ ನ್ಯೂಟ್ರೋಫಿಲ್‌ಗಳಲ್ಲಿ ಎಲಾಸ್ಟೇಸ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಕೆಲವರಿಗೆ ಲಿವರ್‌ನಲ್ಲಿ ಕೀವುಗಡ್ಡೆಯಂಥ ಗಂಭೀರ ಸೋಂಕು ಬರುತ್ತದೆ. ಆದರೆ ಹೆಚ್ಚಿನವರು ಅಂಥ ದೊಡ್ಡ ಸೋಂಕಿಲ್ಲದೆ ಬದುಕುತ್ತಾರೆ. ನ್ಯೂಟ್ರೋಫಿಲ್ ಬಳಿ ಕೊಲ್ಲುವ ದಾರಿ ಬೇರೆಯೂ ಇವೆ.

ಹಾಗಾದರೆ ಕ್ಯಾಥೆಪ್ಸಿನ್ ಸಿಯನ್ನು ಸ್ವಲ್ಪ ಮಾತ್ರ ತಗ್ಗಿಸಿದರೆ ಹೇಗೆ? ಬ್ರೆನ್ಸೊಕ್ಯಾಟಿಬ್ ಎಂಬ ಗುಳಿಗೆ ಮಾಡುವುದು ಅದನ್ನೇ. ಮಜ್ಜೆಯಲ್ಲಿ ಹೊಸದಾಗಿ ಹುಟ್ಟುವ ನ್ಯೂಟ್ರೋಫಿಲ್‌ಗಳು ಕಡಿಮೆ ಎಲಾಸ್ಟೇಸ್ ಹೊತ್ತು ಬರುತ್ತವೆ. ಬ್ರಾಂಕಿಯೆಕ್ಟಾಸಿಸ್ ಇರುವವರಲ್ಲಿ ಕಾಯಿಲೆ ಪದೇ ಪದೇ ಕೆರಳುವುದು ಇದರಿಂದ ಕಡಿಮೆಯಾಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. 1963ರಲ್ಲಿ ಐದು ಪಟ್ಟಿಗಳಲ್ಲಿ ಕಾಣದ ಒಂದು ಗೆರೆಯಿಂದ ಇಲ್ಲಿಗೆ ಬರಲು ಅರವತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಹರಿದ ಎಲಾಸ್ಟಿನನ್ನು ಮರಳಿ ಹೆಣೆಯುವ ಔಷಧಿ ಮಾತ್ರ ಇಲ್ಲ. ಹಾಗಾಗಿ ನ್ಯೂಟ್ರೋಫಿಲ್‌ಗಳನ್ನು ಕರೆಯುವ ಹೊಗೆ, ಧೂಳನ್ನು ದೂರ ಇಡುವುದೇ ದೊಡ್ಡ ಚಿಕಿತ್ಸೆ. ಅಮೆರಿಕ, ಕೆನಡಾದಲ್ಲಿ ಆರಂಭದ ಹಂತದ ಸಿಒಪಿಡಿ ಇದ್ದವರನ್ನು 11 ವರ್ಷ ಹಿಂಬಾಲಿಸಿ ನೋಡಿದ್ದಾರೆ. ಒಂದು ಸೆಕೆಂಡಿನಲ್ಲಿ ಊದಿ ಹೊರಹಾಕುವ ಗಾಳಿಯ ಪ್ರಮಾಣ, ಧೂಮಪಾನ ಮುಂದುವರಿಸಿದ ಗಂಡಸರಲ್ಲಿ ವರ್ಷಕ್ಕೆ ಸುಮಾರು 66 ಮಿ.ಲೀ. ಇಳಿಯಿತು. ಬಿಟ್ಟವರಲ್ಲಿ 30 ಮಿ.ಲೀ. ಹೆಂಗಸರಲ್ಲಿ 54 ಮತ್ತು 22. ವಯಸ್ಸಾದಂತೆ ಎಲ್ಲರಿಗೂ ಇಳಿಯುವುದು ಹೆಚ್ಚುಕಡಿಮೆ ಬಿಟ್ಟವರಷ್ಟೇ.

ಆ ಗಾಳಿಯನ್ನು ಅಳೆಯುವ ಪರೀಕ್ಷೆಯೇ ಸ್ಪೈರೊಮೆಟ್ರಿ. ಕೊಳವೆಯೊಳಗೆ ಜೋರಾಗಿ ಊದಬೇಕು ಅಷ್ಟೇ, ಸೂಜಿ ಚುಚ್ಚುವುದಿಲ್ಲ. ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಬೇಗ ದಮ್ಮು ಹತ್ತುತ್ತಿದ್ದರೆ, ಒಲೆ ಮುಂದೆ ಅಥವಾ ಅರಳೆ ಧೂಳಿನಲ್ಲಿ ವರ್ಷಗಟ್ಟಲೆ ದುಡಿದಿದ್ದರೆ, ಬೀಡಿ ಸೇದದಿದ್ದರೂ ಒಮ್ಮೆ ಮಾಡಿಸಿ. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಶ್ವಾಸಕೋಶದ ವಿಭಾಗ ಎಲ್ಲಿ ಅಂತ ಕೇಳಿ. ಹೋಗುವಾಗ ಡಾಕ್ಟರಿಗೆ ಹೊಗೆ, ಧೂಳಿನ ವಿಷಯವನ್ನು ಅವರು ಕೇಳದಿದ್ದರೂ ಹೇಳಿ.